ಎದುರಿನ ಗಾಜು ಒಡೆದರೆ: ನಮ್ಮ ವಾಹನಕ್ಕೆ ಸರಿಯಾದ ಗಾಜನ್ನೇ ಹಾಕಿಸುವ ಬಗೆ

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಹೋದ ಅನೇಕ ಗುರುಗಳು, ಧರ್ಮಭಗಿನಿಯರು ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯೂ ಅಂಥ ಸೇವಾಕ್ಷೇತ್ರಗಳಲ್ಲಿ ಒಂದು. ರಾಯಚೂರು ನಗರ, ಮಾನ್ವಿ, ದೇವದುರ್ಗ, ಅವುಗಳ ಸುತ್ತಲಿನ ಗುಂಜಹಳ್ಳಿಯಂಥ ಹಳ್ಳಿಗಳು ಎಂದು ತಿರುಗುವವರಿಗೆ ವಾಹನ ಸೌಕರ್ಯವಲ್ಲ, ಅಗತ್ಯ. ಶಾಲೆಯ ಮಕ್ಕಳು, ರೋಗಿಗಳು, ಸ್ವಸಹಾಯ ಸಂಘದ ಹೆಂಗಸರು, ಪೂಜೆಯ ಸಾಮಾನು, ಅಕ್ಕಿ ಚೀಲ ಎಲ್ಲವೂ ಒಂದೇ ಜೀಪಿನಲ್ಲಿ ಸಾಗಬೇಕು.

ಆ ಕಡೆಯ ರಸ್ತೆಗಳಲ್ಲಿ ಭಾರೀ ಲಾರಿಗಳ ಓಡಾಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ, ಶಕ್ತಿನಗರದ ವಿದ್ಯುತ್ ಸ್ಥಾವರದ ಹಾರುಬೂದಿ, ಜಲ್ಲಿ, ಮರಳು ಇವೆಲ್ಲ ಲಾರಿ ಟಿಪ್ಪರುಗಳಲ್ಲಿ ಹೋಗುತ್ತವೆ. ಮುಂದಿನ ಟಿಪ್ಪರಿನ ಚಕ್ರದಿಂದ ಸಿಡಿದ ಒಂದು ಕಲ್ಲು ಸಾಕು, ನಮ್ಮ ವಾಹನದ ಎದುರಿನ ಗಾಜಿನ ಕತೆ ಮುಗಿಯಲು.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಿಂದ ನಾವು ನಾಲ್ವರು ಅಲ್ಲಿನ ಒಂದು ಸೇವಾಕೇಂದ್ರಕ್ಕೆ ಹೋಗಿದ್ದಾಗ ಹೀಗೆಯೇ ಆಯಿತು. ಮಾನ್ವಿಯಿಂದ ರಾಯಚೂರಿಗೆ ಬರುವಾಗ ಗಾಜಿಗೆ ಕಲ್ಲು ಬಡಿದು ನಕ್ಷತ್ರದಂಥ ಗುರುತು ಮೂಡಿತು. ಮರುದಿನ ಬೆಳಿಗ್ಗೆ ನೋಡಿದರೆ ಬಿರುಕು ಚಾಲಕನ ಬದಿಯವರೆಗೆ ಹರಿದಿತ್ತು. ಗುರುಗಳು ಪರಿಚಯದ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು, "ಇದೇ ಗಾಡೀದೇ ಅದ ರೀ ಫಾದರ್, ಕರೆಕ್ಟ್ ಕೂಡ್ತದ" ಎಂದು ಸಂಜೆಗೇ ಹೊಸ ಗಾಜು ಕೂರಿಸಿ ಕೊಟ್ಟ. ಬೆಲೆಯೂ ಕಡಿಮೆಯೇ. ನಮಗೆಲ್ಲ ಸಂತೋಷವಾಯಿತು.

ಆ ಸಂತೋಷ ಮಳೆಗಾಲದವರೆಗೆ ಮಾತ್ರ. ಮೊದಲ ಮಳೆಗೇ ಮೇಲಿನ ಅಂಚಿನಿಂದ ನೀರು ಡ್ಯಾಶ್‌ಬೋರ್ಡಿಗೆ ಇಳಿಯಿತು. ಒಂದು ರಾತ್ರಿ ಗುಂಜಹಳ್ಳಿ ಕಡೆಯಿಂದ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳನ್ನು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ಎದುರು ಬರುವ ಲಾರಿಯ ಪ್ರತಿ ದೀಪವೂ ಎರಡೆರಡಾಗಿ ಕಂಡಿತಂತೆ. ಚಾಲಕ ಗಾಡಿ ನಿಲ್ಲಿಸಿ ನಿಲ್ಲಿಸಿ ಹೋದ. ದೇವರ ದಯೆಯಿಂದ ತಾಯಿ ಮಗು ಕ್ಷೇಮ. ಆಮೇಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು: ಗಾಜು ಅದೇ ಹೆಸರಿನ ಗಾಡಿಯದ್ದೇ, ಆದರೆ ಹಿಂದಿನ ಮಾದರಿಯದ್ದು. ಮೇಲೆ ಉಳಿದ ಸಂದನ್ನು ಬಚ್ಚಲುಮನೆಗೆ ಹಾಕುವ ಸಿಲಿಕಾನಿನಿಂದ ಮುಚ್ಚಿದ್ದರು. ಮೂಲೆಯಲ್ಲಿ ಯಾವ ಗುಣಮಟ್ಟದ ಗುರುತೂ ಇರಲಿಲ್ಲ. ಎರಡನೇ ಬಾರಿ ಹಣ ಕೊಟ್ಟು ಗಾಜು ಹಾಕಿಸಬೇಕಾಯಿತು. ಆ ಹಣ ಭಕ್ತಾದಿಗಳ ಕಾಣಿಕೆಯದ್ದು.

ತಪ್ಪು ಅಂಗಡಿಯವನೊಬ್ಬನದ್ದೇ ಅಲ್ಲ. ನಾವು ಕೇಳಿದ್ದು "ಗಾಜು ಕೂಡುತ್ತದೆಯೇ?" ಎಂದು. ಕೇಳಬೇಕಾಗಿದ್ದದ್ದು "ಈ ವಾಹನ ಕಾರ್ಖಾನೆಯಿಂದ ಬರುವಾಗ ಇದ್ದ ಗಾಜು ಇದೇಯೇ?" ಎಂದು. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎದುರಿನ ಗಾಜು ಬೇರೆ ಗಾಜಿನಂತಲ್ಲ

ವಾಹನದ ಬದಿಯ ಮತ್ತು ಹಿಂದಿನ ಗಾಜುಗಳು ಸಾಮಾನ್ಯವಾಗಿ ಟಫನ್ಡ್ ಗಾಜು. ಕಾಯಿಸಿ ಒಮ್ಮೆಲೇ ತಣಿಸಿ ಗಟ್ಟಿ ಮಾಡಿದ್ದು. ಅದು ಒಡೆದರೆ ಪೂರ್ತಿ ಹರಳು ಹರಳಾಗಿ ಉದುರುತ್ತದೆ. ಎದುರಿನ ಗಾಜು ಹಾಗೆ ಉದುರಬಾರದು. ಅದು ಲ್ಯಾಮಿನೇಟೆಡ್ ಗಾಜು, ಅಂದರೆ ಎರಡು ತೆಳು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪದರವಿಟ್ಟು ಒತ್ತಿ ಕೂಡಿಸಿದ್ದು. ಆ ಪದರ ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಕಲ್ಲು ಬಡಿದರೆ ಗಾಜು ಬಿರುಕು ಬಿಡುತ್ತದೆ, ಆದರೆ ಚೂರುಗಳು ಪದರಕ್ಕೆ ಅಂಟಿಯೇ ಇರುತ್ತವೆ. ಕಣ್ಣಿಗೆ ಗಾಜು ಹಾರುವುದಿಲ್ಲ, ಮುಂದಿನ ದಾರಿಯೂ ಒಮ್ಮೆಲೇ ಮರೆಯಾಗುವುದಿಲ್ಲ.

ಇದನ್ನು ಕಂಡುಹಿಡಿದವರು ಫ್ರಾನ್ಸಿನ ರಸಾಯನ ವಿಜ್ಞಾನಿ ಎದುವಾರ್ ಬೆನೆಡಿಕ್ಟಸ್. ಅವರ ಪ್ರಯೋಗಶಾಲೆಯಲ್ಲಿ ಕೆಳಗೆ ಬಿದ್ದ ಗಾಜಿನ ಬುರುಡೆಯೊಂದು ಒಡೆದರೂ ಚೂರಾಗಲಿಲ್ಲ. ಒಳಗೆ ಒಣಗಿದ್ದ ರಾಸಾಯನಿಕದ ಪೊರೆ ಚೂರುಗಳನ್ನು ಹಿಡಿದಿಟ್ಟಿತ್ತು ಎಂದು ಹೇಳುತ್ತಾರೆ. 1909ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆಯಲು ಮುಂದಾದರು.

ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಲ್ಲಿ ಈ ವಿಷಯವಿದೆ. ಎದುರಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು. ಎದುರಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ 70 ಶೇಕಡಾ, ಬದಿಯ ಗಾಜುಗಳ ಮೂಲಕ ಕನಿಷ್ಠ 50 ಶೇಕಡಾ ಬೆಳಕು ಹಾಯಬೇಕು. ಹೊಸ ಗಾಜು ಹಾಕಿಸುವಾಗ "ಬಿಸಿಲಿಗೆ ಸ್ವಲ್ಪ ಕಪ್ಪು ಇರಲಿ" ಎನ್ನುವವರು ಇದನ್ನು ನೆನಪಿಡಬೇಕು.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ಗಾಜನ್ನು ಅಂಟಿನಿಂದ ಕೂರಿಸಿದ ವಾಹನಗಳಲ್ಲಿ ಅದು ವಾಹನದ ಗಟ್ಟಿತನದ ಒಂದು ಭಾಗವೇ ಆಗಿದೆ. ವಾಹನ ಮಗುಚಿದರೆ ಚಾವಣಿಗೆ ಅದರ ಆಸರೆ ಇದೆ. ಎಷ್ಟೋ ಕಾರುಗಳಲ್ಲಿ ಚಾಲಕನ ಪಕ್ಕದವರ ಏರ್‌ಬ್ಯಾಗ್ ಉಬ್ಬುವಾಗ ಎದುರಿನ ಗಾಜಿಗೆ ಒರಗಿಯೇ ನಮ್ಮ ಕಡೆ ತಿರುಗುತ್ತದೆ. ಗಾಜು ಕಿತ್ತು ಹೊರಗೆ ಹೋದರೆ ಏರ್‌ಬ್ಯಾಗೂ ಅದರೊಡನೆ ಹೋಗುತ್ತದೆ.

ಬದಲಿಸಲೇಬೇಕೇ?

ಪ್ರತಿ ಪೆಟ್ಟಿಗೂ ಗಾಜು ಬದಲಿಸಬೇಕೆಂದಿಲ್ಲ. ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಗುರುತು, ಹೊರಪದರಕ್ಕೆ ಮಾತ್ರ ಆದದ್ದು, ಚಾಲಕನ ಕಣ್ಣಿನ ನೇರಕ್ಕೂ ಗಾಜಿನ ಅಂಚಿಗೂ ದೂರ ಇರುವಂಥದ್ದು ಆದರೆ, ಅದರೊಳಗೆ ರಾಳ ತುಂಬಿಸಿ ನೇರಳಾತೀತ ಬೆಳಕಿನಲ್ಲಿ ಗಟ್ಟಿ ಮಾಡುವ ದುರಸ್ತಿ ಸಾಧ್ಯ. ಗುರುತು ಪೂರ್ತಿ ಮಾಯವಾಗದಿದ್ದರೂ ಬಿರುಕು ಹರಡುವುದು ನಿಲ್ಲುತ್ತದೆ.

ಇದಕ್ಕೆ ತಡ ಮಾಡಬಾರದು. ದೂಳು, ನೀರು ಒಳಹೋದರೆ ರಾಳ ಹಿಡಿಯುವುದಿಲ್ಲ. ದುರಸ್ತಿಯವರಲ್ಲಿಗೆ ಹೋಗುವವರೆಗೆ ಗುರುತಿನ ಮೇಲೆ ಪಾರದರ್ಶಕ ಟೇಪು ಹಚ್ಚಿರಿ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಎಸಿಯ ತಣ್ಣನೆ ಗಾಳಿಯನ್ನು ನೇರ ಗಾಜಿಗೆ ಬಿಡಬೇಡಿ. ಬಿಸಿ ತಂಪುಗಳ ಈ ಎಳೆತದಿಂದಲೇ ಚಿಕ್ಕ ನಕ್ಷತ್ರ ಉದ್ದ ಬಿರುಕಾಗುತ್ತದೆ. ಬಿರುಕು ಅಂಚು ಮುಟ್ಟಿದರೆ ಅಥವಾ ಚಾಲಕನ ಎದುರಿಗೇ ಇದ್ದರೆ ಬದಲಿಸುವುದೇ ಸರಿ.

ಹಳೆಯ ಗಾಜನ್ನು ಎಸೆಯುವ ಮುನ್ನ

ಹೆಚ್ಚಿನವರು ತಪ್ಪುವುದು ಇಲ್ಲಿ. ಹಳೆಯ ಗಾಜಿನ ಕೆಳಗಿನ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರಗಳ ಮುದ್ರೆ ಇರುತ್ತದೆ. ಅದೇ ಆ ಗಾಜಿನ ಜಾತಕ. ಅದರಲ್ಲಿ ಸಾಮಾನ್ಯವಾಗಿ ಇವು ಇರುತ್ತವೆ:

ಗಾಜು ತಯಾರಿಸಿದವರ ಹೆಸರು ಅಥವಾ ಚಿಹ್ನೆ. ನಮ್ಮ ದೇಶದ ವಾಹನಗಳಲ್ಲಿ ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ಸೆಕ್ಯುರಿಟ್ ಮೊದಲಾದವು ಹೆಚ್ಚಾಗಿ ಕಾಣುತ್ತವೆ. ಕಾರ್ಖಾನೆಯಿಂದಲೇ ಬಂದ ಗಾಜಿನಲ್ಲಿ ವಾಹನ ಕಂಪೆನಿಯ ಚಿಹ್ನೆಯೂ ಇರುವುದುಂಟು.

ಲ್ಯಾಮಿನೇಟೆಡ್ ಎಂಬ ಮಾತು ಅಥವಾ ಅದರ ಸಂಕೇತ. ಟಫನ್ಡ್ ಎಂದು ಬರೆದ ಗಾಜನ್ನು ಎದುರಿಗೆ ಹಾಕಲು ಬಂದರೆ ಬೇಡವೆನ್ನಿ.

ಐಎಸ್‌ಐ ಗುರುತು. ವಾಹನದ ಸುರಕ್ಷಾ ಗಾಜಿನ ಭಾರತೀಯ ಮಾನಕ ಐಎಸ್ 2553, ಭಾಗ 2. ಗುರುತಿನ ಜೊತೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮಾನಕ ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಐರೋಪ್ಯ ನಿಯಮದ ಗುರುತಾದರೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ 43ಆರ್ ಎಂಬ ಸಂಖ್ಯೆ ಕಾಣುತ್ತದೆ.

ತಯಾರಾದ ವರ್ಷ, ತಿಂಗಳು. ಇದನ್ನು ಅಂಕೆ ಮತ್ತು ಚುಕ್ಕೆಗಳಲ್ಲಿ ಸೂಚಿಸುತ್ತಾರೆ. ಕ್ರಮ ಒಂದೊಂದು ಕಂಪೆನಿಯದ್ದು ಒಂದೊಂದು ತರ. ಹಳೆಯ ವಾಹನ ಕೊಳ್ಳುವವರಿಗೂ ಇದು ಉಪಯೋಗಿ. ಬೇರೆಲ್ಲ ಗಾಜುಗಳು ಒಂದು ವರ್ಷದವು, ಎದುರಿನದು ಮಾತ್ರ ನಂತರದ್ದು ಎಂದಾದರೆ ಅದನ್ನು ಬದಲಿಸಲಾಗಿದೆ ಎಂದರ್ಥ. ಏಕೆ ಬದಲಿಸಿದರು ಎಂದು ಕೇಳಿ ತಿಳಿಯಿರಿ.

ಈ ಮೂಲೆಯ ಒಂದು ಫೋಟೋ, ಗಾಜಿನ ಮೇಲ್ಭಾಗದ ಕನ್ನಡಿ ಹಿಡಿಕೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಗಾಜು ಪೂರ್ತಿ ಹಾಳಾದ ಮೇಲೆ ಇದು ಸಿಗುವುದಿಲ್ಲ. ಆದ್ದರಿಂದ ಗಾಜು ಚೆನ್ನಾಗಿರುವಾಗಲೇ ತೆಗೆದು ಧರ್ಮಕೇಂದ್ರದ ಕಚೇರಿಯಲ್ಲಿ ಆರ್‌ಸಿ, ವಿಮೆ ಪತ್ರಗಳ ಜೊತೆಗಿಡುವುದು ಒಳ್ಳೆಯದು.

ಒಂದೇ ಹೆಸರಿನ ಗಾಡಿ, ಹಲವು ಗಾಜು

ಅಂಗಡಿಗೆ ಹೋಗಿ ಗಾಡಿಯ ಹೆಸರು ಮಾತ್ರ ಹೇಳಿದರೆ ಸಾಲದು. ಒಂದೇ ಹೆಸರಿನಲ್ಲಿ ಕಂಪೆನಿಯವರು ಹಲವು ವರ್ಷ ವಾಹನ ಮಾರುತ್ತಾರೆ. ನಡುವೆ ಆಕಾರ ಬದಲಾಗುತ್ತದೆ. ಒಂದೇ ವರ್ಷದ ಗಾಡಿಗಳಲ್ಲೂ ಕಡಿಮೆ ಬೆಲೆಯದ್ದಕ್ಕೂ ಹೆಚ್ಚು ಬೆಲೆಯದ್ದಕ್ಕೂ ಗಾಜಿನಲ್ಲಿ ವ್ಯತ್ಯಾಸವಿರುತ್ತದೆ. ನೋಡಬೇಕಾದವು ಇವು:

ಗಾಜಿನ ಬಣ್ಣ: ಬಿಳಿಯೇ, ತಿಳಿ ಹಸಿರೇ? ಮೇಲ್ಭಾಗದಲ್ಲಿ ನೆರಳಿನ ಪಟ್ಟಿ ಇದೆಯೇ?

ಒಳಗಿನ ಕನ್ನಡಿಯ ಹಿಡಿಕೆ ಗಾಜಿಗೇ ಅಂಟಿದೆಯೇ, ಚಾವಣಿಗೆ ಸೇರಿದೆಯೇ?

ಮಳೆ ಬಂದಾಗ ತಾನಾಗಿ ವೈಪರ್ ಓಡಿಸುವ ಸೆನ್ಸರ್ ಇದೆಯೇ? ಇದ್ದರೆ ಅದಕ್ಕೆ ತಕ್ಕ ಜಾಗವಿರುವ ಗಾಜೇ ಬೇಕು.

ಕನ್ನಡಿಯ ಹಿಂದೆ ಕ್ಯಾಮೆರಾ ಇದೆಯೇ? ಹೊಸ ಕಾರುಗಳಲ್ಲಿ ರಸ್ತೆಯ ಗೆರೆ, ಮುಂದಿನ ವಾಹನ ಗುರುತಿಸುವ ಕ್ಯಾಮೆರಾ ಇರುತ್ತದೆ. ಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಉಪಕರಣದ ಸಹಾಯದಿಂದ ಪುನಃ ಹೊಂದಿಸಬೇಕು. ಇಲ್ಲವಾದರೆ ಅದು ತಪ್ಪು ಕಡೆ ನೋಡಿ ತಪ್ಪು ಸಮಯಕ್ಕೆ ಬ್ರೇಕ್ ಹಾಕಬಹುದು. ಇದನ್ನು ಮಾಡಬಲ್ಲವರಲ್ಲಿಗೇ ಹೋಗಬೇಕು.

ಗಾಜು ರಬ್ಬರ್ ಬೀಡಿಂಗಿನದ್ದೇ, ಅಂಟಿಸುವ ಪೇಸ್ಟಿಂಗ್ ಗಾಜೇ? ಹಳೆಯ ಜೀಪು, ಅಂಬಾಸಿಡರ್, ಆಮ್ನಿಗಳಲ್ಲಿ ಬೀಡಿಂಗ್ ಇತ್ತು. ಈಗಿನ ಕಾರುಗಳಲ್ಲಿ ಅಂಟು.

ಇವೆಲ್ಲ ನೆನಪಿಡುವುದು ಕಷ್ಟವೆಂದರೆ ಒಂದೇ ಉಪಾಯ: ಆರ್‌ಸಿಯಲ್ಲಿರುವ 17 ಅಕ್ಷರ ಅಂಕೆಗಳ ಚಾಸಿ ನಂಬರ್ ಕೊಡಿ. ಕಂಪೆನಿಯ ಬಿಡಿಭಾಗಗಳ ವಿಭಾಗದವರು ಅದರಿಂದ ನಿಮ್ಮ ವಾಹನಕ್ಕೆ ಹೊಂದುವ ಗಾಜಿನ ಪಾರ್ಟ್ ನಂಬರ್ ತೆಗೆದು ಹೇಳುತ್ತಾರೆ. ಆ ನಂಬರ್ ಬರೆದುಕೊಂಡು ಹೊರಗಿನ ಅಂಗಡಿಯಲ್ಲಿ ಕೇಳಿದರೂ ಅಡ್ಡಿಯಿಲ್ಲ. ವಾಹನ ಕಂಪೆನಿಯ ಚಿಹ್ನೆಯಿಲ್ಲದ ಗಾಜೆಲ್ಲ ಕಳಪೆಯೆಂದು ತಿಳಿಯಬೇಡಿ. ಹೆಸರಾಂತ ತಯಾರಕರು ಹೊರಗಿನ ಮಾರುಕಟ್ಟೆಗೂ ಗಾಜು ಕೊಡುತ್ತಾರೆ. ಐಎಸ್‌ಐ ಗುರುತಿದ್ದು, ನಮ್ಮ ಮಾದರಿಗೆ ಸರಿಯಾದದ್ದಾಗಿದ್ದರೆ ಅದು ಸಾಕು. ಗುರುತೇ ಇಲ್ಲದ ಗಾಜು ಮಾತ್ರ ಎಷ್ಟು ಅಗ್ಗವಾದರೂ ಬೇಡ.

ಕೂರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಗಾಜನ್ನು ವಾಹನದಲ್ಲಿ ಇರುವಷ್ಟೇ ಓರೆಯಾಗಿ ಹಿಡಿಸಿ ಅದರ ಮೂಲಕ ದೂರದ ವಿದ್ಯುತ್ ಕಂಬವನ್ನೋ ಅಡಿಕೆ ಮರವನ್ನೋ ನೋಡುತ್ತಾ ತಲೆಯನ್ನು ಆಚೀಚೆ ಸರಿಸಿ. ಕಂಬ ಹಾವಿನಂತೆ ಡೊಂಕಾದರೆ, ಎರಡಾಗಿ ಕಂಡರೆ, ಆ ಗಾಜನ್ನು ಹಿಂದಿರುಗಿಸಿ. ಅಂಚಿನ ಹತ್ತಿರ ತುಸು ವ್ಯತ್ಯಾಸ ಇರಬಹುದು. ಚಾಲಕನ ಎದುರಿಗೆ ಇರಲೇಬಾರದು. ನಾವು ಅಂದು ಈ ಎರಡು ನಿಮಿಷದ ಕೆಲಸ ಮಾಡಿದ್ದರೆ ಆ ರಾತ್ರಿಯ ಪ್ರಯಾಣ ಅಷ್ಟು ಭಯದ್ದಾಗುತ್ತಿರಲಿಲ್ಲ.

ಅಂಟಿಗೂ ಹವೆಗೂ ಸಂಬಂಧವಿದೆ

ಸರಿಯಾದ ಗಾಜು ಸಿಕ್ಕರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕೂರಿಸುವುದರಲ್ಲಿದೆ. ಪೇಸ್ಟಿಂಗ್ ಗಾಜಿಗೆ ಪಾಲಿಯುರೆಥೇನ್ ಎಂಬ ಅಂಟನ್ನೇ ಬಳಸಬೇಕು, ಸಾಮಾನ್ಯ ಸಿಲಿಕಾನ್ ಅಲ್ಲ. ಸಿಲಿಕಾನಿಗೆ ಆ ಶಕ್ತಿ ಇಲ್ಲ. ಹುಳಿ ವಾಸನೆಯ ಸಿಲಿಕಾನ್ ತಗಡಿಗೆ ತುಕ್ಕು ಹಿಡಿಸುತ್ತದೆ. ಅಂಟಿನ ಕೊಳವೆಯ ಮೇಲೆ ಬಳಕೆಯ ಕೊನೆಯ ದಿನಾಂಕ ಇರುತ್ತದೆ. ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಈ ಅಂಟು ಗಾಳಿಯ ತೇವಾಂಶ ಹೀರಿ ಗಟ್ಟಿಯಾಗುತ್ತದೆ. ಮಂಗಳೂರು, ಉಡುಪಿಯ ಹವೆಯಲ್ಲಿ ತೇವ ಸದಾ ಇದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಬಿಸಿಯಿಂದ ಅಂಟು ಬೇಗ ಗಟ್ಟಿಯಾಗುತ್ತದೆಂದು ನಾವು ಎಣಿಸುತ್ತೇವೆ. ತೇವವಿಲ್ಲದಿದ್ದರೆ ಅದಕ್ಕೆ ಹೆಚ್ಚು ಹೊತ್ತು ಬೇಕು. ಎಷ್ಟು ಹೊತ್ತಿನ ನಂತರ ವಾಹನ ಓಡಿಸಬಹುದು ಎನ್ನುವುದು ಅಂಟಿನ ಬಗೆಯ ಮೇಲೆ ಹೋಗುತ್ತದೆ. ಒಂದು ಗಂಟೆಯದ್ದೂ ಇದೆ, ಹಲವು ಗಂಟೆ ಬೇಕಾದದ್ದೂ ಇದೆ. ಕೂರಿಸುವವರನ್ನು ಕೇಳಿ, ಸಾಧ್ಯವಾದರೆ ಒಂದು ರಾತ್ರಿ ವಾಹನವನ್ನು ಅಲ್ಲೇ ಬಿಡಿ.

ಕರಾವಳಿಯವರಿಗೆ ಬೇರೆ ಎಚ್ಚರಿಕೆ ಬೇಕು. ಹಳೆಯ ಅಂಟು ಕೊಯ್ಯುವಾಗ ಚೌಕಟ್ಟಿನ ಬಣ್ಣ ಕೆರೆದು ಹೋದರೆ, ಉಪ್ಪುಗಾಳಿಗೆ ಅಲ್ಲೇ ತುಕ್ಕು ಆರಂಭ. ತುಕ್ಕಿನ ಮೇಲೆ ಅಂಟು ನಿಲ್ಲುವುದಿಲ್ಲ. ಕೆರೆದ ಜಾಗಕ್ಕೆ ಪ್ರೈಮರ್ ಹಚ್ಚಿ, ಅದು ಆರಿದ ಮೇಲೆಯೇ ಅಂಟು ಹಾಕುವಂತೆ ಹೇಳಿ.

ಕೂರಿಸಿದ ಮೇಲೆ ಒಂದು ದಿನ ಕಿಟಕಿಯನ್ನು ಬೆರಳಷ್ಟು ಇಳಿಸಿಡಿ. ಎಲ್ಲ ಮುಚ್ಚಿ ಬಾಗಿಲು ಜೋರಾಗಿ ಹಾಕಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಹಸಿ ಅಂಟು ಸರಿಯುತ್ತದೆ. ಅಂಚಿನ ಟೇಪು ಕೀಳಬೇಡಿ. ಎರಡು ದಿನ ಜೋರು ನೀರಿನ ವಾಷಿಂಗ್ ಬೇಡ. ಆಮೇಲೆ ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನಿಧಾನವಾಗಿ ನೀರು ಬಿಟ್ಟು ಸೋರಿಕೆ ಪರೀಕ್ಷಿಸಿ. ಹಳೆಯ ವೈಪರ್ ರಬ್ಬರಿನಲ್ಲಿ ಗಾಜಿನ ಪುಡಿ, ಮರಳು ಸಿಕ್ಕಿರುತ್ತದೆ; ಅದನ್ನೂ ಬದಲಿಸಿ.

ವಿಮೆಯ ಲೆಕ್ಕ

ವಿಮೆ ಎರಡು ಬಗೆ. ಮೂರನೆಯವರ ಹಾನಿಗೆ ಮಾತ್ರ ಇರುವ ವಿಮೆಯಲ್ಲಿ ನಮ್ಮ ಗಾಜಿಗೆ ಏನೂ ಸಿಗದು. ಸಮಗ್ರ ವಿಮೆಯಲ್ಲಿ ಸಿಗುತ್ತದೆ. ಅದರಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ 50 ಶೇಕಡಾ ಕಡಿತ. ಖಾಸಗಿ ಕಾರಾದರೆ ನಾವು ಭರಿಸಬೇಕಾದ ಕಡ್ಡಾಯ ಮೊತ್ತ 1500 ಸಿಸಿ ವರೆಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ. ಶಾಲಾ ಬಸ್ಸು, ಬಾಡಿಗೆ ವಾಹನಗಳ ಷರತ್ತು ಬೇರೆ.

ಆದರೆ ವಿಮೆ ಕೇಳಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷಕ್ಕೆ 20, ನಂತರ 25, 35, 45, ಐದನೇ ವರ್ಷಕ್ಕೆ 50 ಶೇಕಡಾ. ಒಂದು ಉದಾಹರಣೆ ನೋಡಿ. ನಮ್ಮ ವಾಹನದ ಸ್ವಂತ ಹಾನಿ ವಿಭಾಗದ ಪ್ರೀಮಿಯಂ 10,000 ರೂಪಾಯಿ, ಈಗ 50 ಶೇಕಡಾ ಬೋನಸ್ ಇದೆ ಎಂದಿಟ್ಟುಕೊಳ್ಳೋಣ. ಗಾಜಿನ ಖರ್ಚು 7000. ವಿಮೆಯಿಂದ ಸಿಗುವುದು ಹೆಚ್ಚೆಂದರೆ 6000. ಬೋನಸ್ ಹೋದದ್ದರಿಂದ ಮುಂದಿನ ವರ್ಷ 5000, ಅದರ ಮುಂದಿನ ವರ್ಷ 3000, ಮೂರನೇ ವರ್ಷ 2500 ರೂಪಾಯಿ ಹೆಚ್ಚು ಕಟ್ಟಬೇಕು. ಮೂರೇ ವರ್ಷಕ್ಕೆ 10,500. ಸ್ವಂತ ಹಣದಿಂದ ಹಾಕಿಸಿದ್ದರೇ ಲಾಭ. ಬೋನಸ್ ಇಲ್ಲದಿದ್ದರೆ, ಬೋನಸ್ ಉಳಿಸುವ ಸೌಲಭ್ಯ ಕೊಂಡಿದ್ದರೆ, ಅಥವಾ ಗಾಜು ಬಹಳ ದುಬಾರಿಯದ್ದಾದರೆ ಲೆಕ್ಕ ತಿರುಗುತ್ತದೆ. ವಿಮೆ ಪಡೆಯುವುದಾದರೆ ಗಾಜು ಕಳಚುವ ಮೊದಲೇ ಕಂಪೆನಿಗೆ ತಿಳಿಸಿ, ಅವರು ನೋಡಿದ ಮೇಲೆಯೇ ಕೆಲಸ ಆರಂಭಿಸಬೇಕು.

ಬಿಲ್ಲಿನಲ್ಲಿ "ಗ್ಲಾಸ್ 1" ಎಂದು ಮಾತ್ರ ಬರೆಯಿಸಿಕೊಳ್ಳಬೇಡಿ. ತಯಾರಕರ ಹೆಸರು, ಪಾರ್ಟ್ ನಂಬರ್, ಅಂಟಿನ ಬಗೆ, ಸೋರಿಕೆಗೆ ಎಷ್ಟು ತಿಂಗಳ ಖಾತರಿ ಎನ್ನುವುದನ್ನು ಬರೆಯಿಸಿ. ಪಾಲನಾ ಮಂಡಳಿಗೆ ಲೆಕ್ಕ ಒಪ್ಪಿಸುವವರಿಗೂ ಇದರಿಂದ ಅನುಕೂಲ.

ಕೊನೆಯ ಮಾತು

ಗಾಜಿನ ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳುವುದು ಜಿಪುಣತನವೂ ಅಲ್ಲ, ಅಪನಂಬಿಕೆಯೂ ಅಲ್ಲ. ಚರ್ಚಿನ ವಾಹನದಲ್ಲಿ ಕೂರುವವರು ಗಾಜಿನ ಮುದ್ರೆ ನೋಡಿ ಹತ್ತುವುದಿಲ್ಲ, ನಮ್ಮನ್ನು ನಂಬಿ ಹತ್ತುತ್ತಾರೆ. ಆ ರಾತ್ರಿ ಹಿಂದಿನ ಸೀಟಿನಲ್ಲಿದ್ದ ತಾಯಿಗೆ ಗಾಜು ಯಾವುದೆಂದು ತಿಳಿದಿರಲಿಲ್ಲ. ತಿಳಿದಿರಬೇಕಾದವರು ನಾವು.

ನಮ್ಮಲ್ಲಿ ಅನೇಕರು ಪ್ರಯಾಣಿಕರ ಪಾಲಕ ಸಂತ ಕ್ರಿಸ್ಟೋಫರರ ಚಿತ್ರವನ್ನು ಎದುರಿನ ಗಾಜಿಗೆ ಅಂಟಿಸುತ್ತೇವೆ. ಅಂಟಿಸುವಾಗ ಚಾಲಕನ ನೋಟಕ್ಕೆ ಅಡ್ಡವಾಗದಂತೆ ಒಂದು ಬದಿಗೆ ಅಂಟಿಸೋಣ. ಹಾಗೆಯೇ ಕೆಳಗಿನ ಮೂಲೆಯಲ್ಲಿರುವ ಆ ಚಿಕ್ಕ ಮುದ್ರೆಯನ್ನು ಈ ಭಾನುವಾರ ಪೂಜೆ ಮುಗಿಸಿ ಬರುವಾಗ ಒಮ್ಮೆ ಓದಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡೋಣ. ಮುಂದೆ ಎಂದಾದರೂ ಕಲ್ಲು ಬಡಿದ ದಿನ ಅದು ಉಪಯೋಗಕ್ಕೆ ಬರುತ್ತದೆ.